ಜಗಲಿಯಿಂದ ತೋಟಕ್ಕೊಂದು ದಾರಿ

ನಮ್ಮ ಮಲೆನಾಡಿನ ಬೆಳೆಗಾರನಿಗೆ ತೋಟವೆಂದರೆ ಬರಿಯ ವರಮಾನದ ಮೂಲವಲ್ಲ. ಬೆಳಗಿನ ಕಾಫಿ ಕುಡಿದು ಒಂದು ಸುತ್ತು ತೋಟಕ್ಕೆ ಹೋಗಿ ಬಾರದಿದ್ದರೆ ಅವನಿಗೆ ದಿನ ಹುಟ್ಟಿದಂತಾಗುವುದಿಲ್ಲ. ಅಂಥವನಿಗೆ ಲಕ್ವ ಹೊಡೆದು ಕಾಲಿನ ಸ್ವಾಧೀನ ತಪ್ಪಿದರೆ, ಇಲ್ಲವೇ ಕೊನೆಗಾರನೊಬ್ಬ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ, ಮನೆಯವರು ಊಟ, ಔಷಧಗಳಿಗೆ ಕೊರತೆ ಮಾಡುವುದಿಲ್ಲ. ಆದರೆ ಅಂಗಳದಾಚೆಯ ತೋಟ ಮಾತ್ರ ಅಂದಿನಿಂದ ಅವರ ಪಾಲಿಗೆ ಇಲ್ಲವಾಗುತ್ತದೆ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣದು.

ಇದು ಕನಿಕರದ ಮಾತಲ್ಲ, ಹಕ್ಕಿನ ಮಾತು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಮನರಂಜನೆ, ಕ್ರೀಡೆಗಳಲ್ಲೂ ಸಮಾನ ಅವಕಾಶವಿರಬೇಕೆಂದು ಹೇಳಿದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದಕ್ಕಿದ ಏಕೈಕ ಪದಕ ಎತ್ತರ ಜಿಗಿತದ ಬೆಳ್ಳಿ. ಅದನ್ನು ತಂದವರು ನಮ್ಮ ಹಾಸನ ಜಿಲ್ಲೆಯ ಗಿರೀಶ ನಾಗರಾಜೇಗೌಡರು. ಎಲ್ಲರೂ ಜಿಗಿಯಬೇಕಾಗಿಲ್ಲ. ತಮ್ಮ ತೋಟದ ನೆರಳಿನಲ್ಲಿ ಅರ್ಧ ಗಂಟೆ ಕುಳಿತು ಬಂದರೂ ಸಾಕು. ಆ ದಾರಿ ಮಾಡಿಕೊಡಲು ಕಾಯಿದೆ ಬರಲಾರದು, ನಾವೇ ಹಾರೆ ಹಿಡಿಯಬೇಕು.

ಮೊದಲು ಮೆಟ್ಟಿಲು. ಗಾಲಿಕುರ್ಚಿಗೆ ಇಳಿಜಾರು ಮಾಡುವಾಗ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ 18 ಅಡಿ ಬೇಕು. ಇದಕ್ಕಿಂತ ಕಡಿದಾದರೆ ಏರುವುದು ಕಷ್ಟ, ಇಳಿಯುವುದು ಅಪಾಯ. ದಾರಿ 4 ಅಡಿ ಅಗಲವಿರಲಿ, ತಿರುಗುವಲ್ಲಿ 5 ಅಡಿ. ಕಾದಿಗೆಯ ಮೇಲಿನ ಅಡಿಕೆ ದಬ್ಬೆಯ ಸಂಕ ತೆಗೆದು ಕಲ್ಲು ಚಪ್ಪಡಿ ಹಾಸಿ. ಮಳೆಗಾಲದ ಪಾಚಿಯನ್ನು ಆಗಾಗ ಉಜ್ಜಿ ತೆಗೆಯದಿದ್ದರೆ ಊರುಗೋಲು ಜಾರುತ್ತದೆ.

ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಪೆಟ್ಟಾದ ಜಾಗದ ಕೆಳಗೆ ಸ್ಪರ್ಶಜ್ಞಾನವಿಲ್ಲದವರಿಗೆ ಉಂಬಳ ಹತ್ತಿದ್ದಾಗಲಿ, ಕಾದ ಕಲ್ಲು ಸುಟ್ಟಿದ್ದಾಗಲಿ ತಿಳಿಯದು. ಮರಳಿದ ಮೇಲೆ ಕಾಲುಗಳನ್ನು ಕಣ್ಣಿಟ್ಟು ನೋಡಬೇಕು. ಒಂದೇ ಭಂಗಿಯಲ್ಲಿ ಕುಳಿತರೆ ಒತ್ತುಹುಣ್ಣು ಏಳುವುದರಿಂದ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಬೇಕು. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದರೆ ಮೈ ಸರಿಯಾಗಿ ಬೆವರದೆ ಬಿಸಿಯೇರುವ ಸಂಭವವುಂಟು. ಬೆಳಗಿನ ಅಥವಾ ಸಂಜೆಯ ಹೊತ್ತು ಲೇಸು.

ಕಣ್ಣು ಕಾಣದವರಿಗೆ ಕಂಬದಿಂದ ಕಂಬಕ್ಕೆ ಸೊಂಟದ ಎತ್ತರದಲ್ಲಿ ಹಗ್ಗ ಕಟ್ಟಿದರೆ ಅದೇ ಕೈಹಿಡಿದು ನಡೆಸುತ್ತದೆ. ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಅರಳುವ ಕಾಫಿ ಹೂವಿನ ಕಂಪು, ಜೇನ್ನೊಣಗಳ ಮೊರೆತ, ಕುಟ್ರುಹಕ್ಕಿಯ ಕೂಗು ಇವುಗಳಿಗೆ ಕಣ್ಣಿನ ಹಂಗಿಲ್ಲ. ಎಷ್ಟೋ ವೇಳೆ ಕಣ್ಣಿದ್ದ ನಾವೇ ಇವನ್ನು ಗಮನಿಸದೆ ಗೊಬ್ಬರದ ಲೆಕ್ಕ ಹಾಕುತ್ತ ನಡೆದಿರುತ್ತೇವೆ.

ಕರೆದೊಯ್ದವರನ್ನು ಸುಮ್ಮನೆ ಕೂರಿಸಬೇಡಿ. ಯಾವ ಮರದ ನೆರಳು ಕಡಿಯಬೇಕು, ಯಾವ ಗೊನೆ ಬಲಿತಿದೆ ಎಂದು ಕೇಳಿ. ತೋಟ ನೆಟ್ಟವರ ಮಾತಿಗೆ ಇಂದಿಗೂ ಬೆಲೆಯಿದೆ. ಮಾಲೀಕರ ಮನೆಯಷ್ಟೇ ಅಲ್ಲ, ನಮ್ಮ ಮರ ಹತ್ತಿ ಬಿದ್ದ ಕೊನೆಗಾರರ ಅಂಗಳಕ್ಕೂ ಇಂಥದೊಂದು ದಾರಿ ನಮ್ಮ ಹೊಣೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಫೈಬರ್ ದೋಟಿ ಈಗ ಬಂದಿರುವುದರಿಂದ ಬೀಳುವುದನ್ನೇ ತಪ್ಪಿಸುವ ಮಾರ್ಗವೂ ಇದೆ.

ಸಂಘದ ಕಛೇರಿಗೂ ಮೂರು ಮೆಟ್ಟಿಲುಗಳಿವೆ. ಅವುಗಳ ಪಕ್ಕ ಇಳಿಜಾರು ಕಟ್ಟಿಸುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡಲಿದ್ದೇನೆ. ಸದಸ್ಯ ಬಾಂಧವರು ಈ ಬೇಸಗೆ ಮುಗಿಯುವುದರೊಳಗೆ ತಮ್ಮ ತಮ್ಮ ಅಂಗಳಗಳನ್ನು ಅಳೆದು ನೋಡಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ