ಪಿ.ಎಸ್.ಎ.: ವರದಿಯ ಅಂಕಿ ಹೇಳುವುದೇನು?

ಅರವತ್ತು ದಾಟಿದ ಹಿರಿಯರ ರಕ್ತಪರೀಕ್ಷೆಯ ವರದಿಯಲ್ಲಿ ‘ಪಿ.ಎಸ್.ಎ.’ ಎಂಬ ಅಕ್ಷರಗಳೆದುರು ದೊಡ್ಡ ಅಂಕಿ ಕಂಡರೆ ಮನೆಮಂದಿಯೆಲ್ಲ ತಲ್ಲಣಿಸುವುದುಂಟು. ಅದು ಕ್ಯಾನ್ಸರಿನ ಇನ್ನೊಂದು ಹೆಸರೆಂದೇ ಹಲವರ ಭಾವನೆ. ವಾಸ್ತವವಾಗಿ ಅದು ಆರೋಗ್ಯವಂತ ಪುರುಷರಲ್ಲಿಯೂ ಪ್ರಾಸ್ಟೇಟ್ ಗ್ರಂಥಿಯು ಉತ್ಪಾದಿಸುವ ಒಂದು ಕಿಣ್ವ. ಸಂಕೋಚದಿಂದ ನಾವು ಮಾತನಾಡದೆ ಬಿಟ್ಟ ವಿಷಯವಾದ್ದರಿಂದ ಈ ತಪ್ಪು ಕಲ್ಪನೆ ಉಳಿದುಕೊಂಡಿದೆ.

ಪುರುಷನ ಜನನಾಂಗ ಮಾರ್ಗದಲ್ಲಿ ಹಲವು ಗ್ರಂಥಿಗಳ ಸ್ರಾವಗಳು ಕೂಡುತ್ತವೆ. ಕೌಪರ್ ಗ್ರಂಥಿಗಳ ತಿಳಿಯಾದ ಲೋಳೆಯು ಮೂತ್ರನಾಳವನ್ನು ನುಣುಪಾಗಿಸಿ, ಅಲ್ಲಿ ಉಳಿದ ಮೂತ್ರದ ಆಮ್ಲೀಯತೆಯನ್ನು ತಗ್ಗಿಸುತ್ತದೆ. ವೀರ್ಯದ ಹೆಚ್ಚಿನ ಪಾಲು ಶುಕ್ರಕೋಶಗಳದ್ದು. ಅವು ವೀರ್ಯಾಣುಗಳಿಗೆ ಆಹಾರವಾಗುವ ಫ್ರಕ್ಟೋಸ್ ಸಕ್ಕರೆಯೊಡನೆ ಸೆಮಿನೋಜೆಲಿನ್ ಎಂಬ ಪ್ರೋಟೀನನ್ನೂ ಸ್ರವಿಸುತ್ತವೆ. ವೀರ್ಯವು ಹೊರಬಂದೊಡನೆ ಹೆಪ್ಪುಗಟ್ಟುವುದು ಈ ಪ್ರೋಟೀನಿನಿಂದಲೇ. ಹೆಪ್ಪಿನಲ್ಲಿ ಸಿಲುಕಿದ ವೀರ್ಯಾಣುಗಳು ಮುಂದೆ ಸಾಗಲಾರವು.

ಹೆಪ್ಪನ್ನು ಕರಗಿಸುವ ಹೊಣೆ ಪಿ.ಎಸ್.ಎ.ಯದು. ಪ್ರಾಸ್ಟೇಟಿನೊಳಗೆ ಹೇರಳವಾಗಿರುವ ಸತುವು ಈ ಕಿಣ್ವವನ್ನು ತಡೆಹಿಡಿದಿರುತ್ತದೆ. ಸ್ರಾವಗಳು ಬೆರೆತಾಗ ಸೆಮಿನೋಜೆಲಿನ್ ಆ ಸತುವನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ; ಬಂಧಮುಕ್ತವಾದ ಕಿಣ್ವವು ಅದೇ ಸೆಮಿನೋಜೆಲಿನನ್ನು ತುಂಡರಿಸುತ್ತದೆ. ತನ್ನನ್ನು ಕತ್ತರಿಸುವವನ ಕಟ್ಟನ್ನು ತಾನೇ ಬಿಚ್ಚುವ ಈ ಪರಿ ಸೋಜಿಗದ್ದೇ ಸರಿ! ಸಾಮಾನ್ಯವಾಗಿ 15ರಿಂದ 30 ನಿಮಿಷಗಳಲ್ಲಿ ವೀರ್ಯವು ನೀರಾಗುತ್ತದೆ. 60 ನಿಮಿಷವಾದರೂ ಆಗದಿದ್ದರೆ ಪ್ರಯೋಗಾಲಯದವರು ಅದನ್ನು ವರದಿಯಲ್ಲಿ ನಮೂದಿಸುತ್ತಾರೆ. ಮಕ್ಕಳಿಲ್ಲದ ದಂಪತಿಗಳಲ್ಲಿ ಪತ್ನಿಯೊಬ್ಬಳನ್ನೇ ಪರೀಕ್ಷೆಗೆ ಕಳುಹಿಸುವುದು ತರವಲ್ಲ ಎನ್ನಲು ಇದೂ ಒಂದು ಕಾರಣ.

ವೀರ್ಯದಲ್ಲಿ ಹೇರಳವಾಗಿರುವ ಪಿ.ಎಸ್.ಎ. ರಕ್ತಕ್ಕೆ ಸೋರುವುದು ಅತ್ಯಲ್ಪ. ಅದನ್ನು ನ್ಯಾನೊಗ್ರಾಂಗಳಲ್ಲಿ ಅಳೆಯುತ್ತಾರೆ. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ಕ್ಯಾನ್ಸರಿನಿಂದ ಈ ಸೋರಿಕೆ ಹೆಚ್ಚಬಹುದು. ವಯೋಸಹಜವಾಗಿ ಗ್ರಂಥಿ ಊದಿದಾಗಲೂ ಸೋಂಕು ತಗುಲಿದಾಗಲೂ ಹೆಚ್ಚುತ್ತದೆ. ಅಂಕಿ ಕಡಿಮೆಯಿದ್ದೂ ಕ್ಯಾನ್ಸರ್ ಇರುವ ಪ್ರಸಂಗಗಳುಂಟು. ಆದ್ದರಿಂದ ಒಂದೇ ವರದಿಯನ್ನು ಹಿಡಿದು ಕಂಗೆಡುವುದೂ ಬೇಡ, ಅದನ್ನು ಕಪಾಟಿನಲ್ಲಿ ಮುಚ್ಚಿಡುವುದೂ ಬೇಡ. ವೈದ್ಯರು ಮರುಪರೀಕ್ಷೆ ಮಾಡಿಸಿ, ಅಗತ್ಯವೆನಿಸಿದರೆ ಎಂ.ಆರ್.ಐ. ಅಥವಾ ಬಯಾಪ್ಸಿಗೆ ಸೂಚಿಸುತ್ತಾರೆ.

ರಕ್ತ ಕೊಡುವ ಹಿಂದಿನ ಎರಡು ದಿನ ವೀರ್ಯಸ್ಖಲನವನ್ನೂ ದೀರ್ಘ ಸೈಕಲ್ ಸವಾರಿಯನ್ನೂ ವರ್ಜಿಸುವುದು ಲೇಸು. ಮೂತ್ರದ ಸೋಂಕಿದ್ದರೆ ಅದು ಗುಣವಾಗಿ ಕೆಲವು ವಾರಗಳು ಕಳೆಯಲಿ. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಔಷಧವು ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.