ಕೋಸಂಬರಿಗೆ ಉಪ್ಪು ಯಾವಾಗ ಹಾಕುತ್ತೀರಿ?

"ಉಪ್ಪಿನಕಾಯಿ ಬಿಟ್ಟೆ, ಹಪ್ಪಳ ಬಿಟ್ಟೆ. ದಿನಾ ಊಟಕ್ಕೆ ಸೌತೆಕಾಯಿ ಕೋಸಂಬರಿ ಒಂದೇ. ಆದ್ರೂ ಬಿ.ಪಿ. ಇಳೀತಿಲ್ವಲ್ಲ ಡಾಕ್ಟ್ರೇ?"

ನಿವೃತ್ತ ಮೇಷ್ಟ್ರೊಬ್ಬರು ನನ್ನ ಕ್ಲಿನಿಕ್ಕಿನಲ್ಲಿ ಹೀಗೆ ಕೇಳಿದ ದಿನ ಅವರ ರಕ್ತದೊತ್ತಡ 158/94 ಇತ್ತು. ಮಾತ್ರೆ ತಪ್ಪಿಸುವವರಲ್ಲ. ಇನ್ನೊಂದು ಮಾತ್ರೆ ಸೇರಿಸೋಣವೆಂದು ಚೀಟಿಗೆ ಕೈ ಹಾಕಿದವನು, ಯಾಕೋ ಜೊತೆಗೆ ಬಂದಿದ್ದ ಅವರ ಪತ್ನಿಯತ್ತ ತಿರುಗಿ, "ಕೋಸಂಬರಿ ಹೇಗೆ ಮಾಡ್ತೀರಮ್ಮ?" ಎಂದೆ.

"ಬೆಳಿಗ್ಗೆ ಒಂಬತ್ತಕ್ಕೇ ಹೆಚ್ಚಿ ಉಪ್ಪು ಕಲಸಿ ಇಟ್ಟುಬಿಡ್ತೀನಿ. ಊಟದ ಹೊತ್ತಿಗೆ ನೀರು ಬಿಟ್ಕೊಂಡು ಸಪ್ಪೆ ಆಗಿರುತ್ತೆ. ಆಗ ಇನ್ನೊಂದು ಚೂರು ಹಾಕ್ತೀನಿ. ಆ ನೀರನ್ನೂ ಇವರು ಚೆಲ್ಲೋಕೆ ಬಿಡೋಲ್ಲ, ಸತ್ವ ಎಲ್ಲಾ ಅದರಲ್ಲೇ ಇದೆ ಅಂತ ಕುಡೀತಾರೆ!"

ಒಟ್ಟು ಉಪ್ಪು ಎಷ್ಟೆಂದು ಕೇಳಿದೆ. ಇಬ್ಬರಿಗೆ ಒಂದು ಟೀ ಚಮಚ ಎಂದರು. ಒಂದು ಟೀ ಚಮಚವೆಂದರೆ ಸುಮಾರು 5 ಗ್ರಾಂ. ದೊಡ್ಡವರು ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಹುಳಿ, ಪಲ್ಯಕ್ಕೆ ಮೊದಲೇ, ಬರೀ ಕೋಸಂಬರಿಯಲ್ಲಿಯೇ ಮೇಷ್ಟ್ರು ದಿನದ ಪಾಲಿನ ಅರ್ಧ ಮುಗಿಸುತ್ತಿದ್ದರು!

ನೀರು ಬಿಡುವುದೇಕೆ?

ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಹೆಚ್ಚಿದ ಹೋಳಿಗೆ ಉಪ್ಪು ಬಿದ್ದೊಡನೆ ಒಳಗಿನ ನೀರನ್ನು ಅದು ಹೊರಗೆ ಎಳೆಯುತ್ತದೆ. ಉಪ್ಪು ಆ ನೀರಿನಲ್ಲಿ ಕರಗಿ ಪಾತ್ರೆಯ ತಳ ಸೇರುತ್ತದೆ, ನಾಲಿಗೆಗೆ ಹೋಳು ಸಪ್ಪೆ ಎನ್ನಿಸುತ್ತದೆ. ಮತ್ತೆ ಉಪ್ಪು ಹಾಕುತ್ತೀರಿ. ಅದೇ ಉಪ್ಪನ್ನು ಬಡಿಸುವ ಮುಂಚೆ ಉದುರಿಸಿ ನೋಡಿ. ಹೋಳಿನ ಮೇಲೆಯೇ ಉಳಿದು ನಾಲಿಗೆಗೆ ಮೊದಲು ತಾಗುವುದರಿಂದ ಕಾಲು ಭಾಗ ಹಾಕಿದರೂ ರುಚಿ ಸಾಕಾಗುತ್ತದೆ.

"ನಾವು ಸೈಂಧವ ಲವಣ ಹಾಕ್ತೀವಿ" ಎನ್ನುವವರಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ರಕ್ತದೊತ್ತಡದ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಸೋಡಿಯಂ ಕಡಿಮೆಯಿರುವ ಉಪ್ಪೆಂದು ಮಾರುವ ಪೊಟ್ಟಣಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಕೂಡದು.

ಮಾಡುವ ಕ್ರಮ

ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆಯನ್ನು ತೊಳೆದು, ಕುಡಿಯುವ ನೀರಿನಲ್ಲಿ ಒಂದು ಗಂಟೆ ನೆನೆಸಿ ಬಸಿಯಿರಿ. ಎರಡು ಎಳೆ ಸೌತೆಕಾಯಿಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಸಣ್ಣಗೆ ಹೆಚ್ಚಿ. ಸಿಪ್ಪೆ ತೆಗೆಯುವುದಾದರೂ ತೊಳೆದೇ ತೆಗೆಯಿರಿ. ಇಲ್ಲವಾದರೆ ಹೊರಗಿನ ಕೊಳೆ ಚಾಕುವಿನ ಜೊತೆ ಒಳಗೆ ಬರುತ್ತದೆ. ಎರಡು ಮೂರು ಚಮಚ ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಎಲೆ ಹಾಕಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಕಾಲು ಟೀ ಚಮಚ ಉಪ್ಪು ಬೆರೆಸಿ ಬಡಿಸಿ. ಹುಳಿ, ಇಂಗು, ಕೊತ್ತಂಬರಿ ಚೆನ್ನಾಗಿದ್ದರೆ ಉಪ್ಪಿನ ಕೊರತೆ ತಿಳಿಯುವುದಿಲ್ಲ.

ಮಲೆನಾಡು, ಕರಾವಳಿಯ ಕಡೆಯ ಸೌತೆಕಾಯಿ ಸಾಸಿವೆಗೂ ಇದೇ ನಿಯಮ. ಕಾಯಿತುರಿ, ಸ್ವಲ್ಪ ಸಾಸಿವೆ, ಹಸಿಮೆಣಸು ರುಬ್ಬಿ, ಮೊಸರಿನೊಂದಿಗೆ ಹೋಳಿಗೆ ಬೆರೆಸುತ್ತಾರೆ. ಸಾಸಿವೆಯ ಘಾಟು, ಮೊಸರಿನ ಹುಳಿ ಇರುವುದರಿಂದ ಚಿಟಿಕೆ ಉಪ್ಪು ಸಾಕು.

ಸಕ್ಕರೆ ಕಾಯಿಲೆಯವರಿಗೂ ಇದು ಒಳ್ಳೆಯ ಪದಾರ್ಥ. ನೂರು ಗ್ರಾಂ ಸೌತೆಕಾಯಿಯಲ್ಲಿ ಸುಮಾರು 15 ಕ್ಯಾಲೊರಿ ಮಾತ್ರ. ಹೆಸರುಬೇಳೆಯಿಂದ ಪ್ರೋಟೀನೂ ಸಿಗುತ್ತದೆ. ಅನ್ನಕ್ಕೆ ಮೊದಲು ಒಂದು ಬಟ್ಟಲು ತಿಂದರೆ ಹೊಟ್ಟೆ ತುಂಬಿ ಅನ್ನ ತಾನಾಗಿ ಕಡಿಮೆಯಾಗುತ್ತದೆ.

ಮಾಡಿದ ಕೂಡಲೇ ತಿನ್ನಿ

ರಾಮನವಮಿಯ ಮರುದಿನ ವಾಂತಿ, ಭೇದಿ ಎಂದು ಬರುವ ಒಂದೆರಡು ಕುಟುಂಬಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಬೆಳಿಗ್ಗೆ ಪೂಜೆಗೆಂದು ಕಲಸಿದ ಕೋಸಂಬರಿ ಸಂಜೆಯವರೆಗೂ ಹಂಚಿರುತ್ತಾರೆ. ಹಸಿ ಕಾಯಿ, ನೆನೆದ ಬೇಳೆ, ಕಾಯಿತುರಿ, ಜೊತೆಗೆ ಏಪ್ರಿಲ್ಲಿನ ಸೆಕೆ. ರೋಗಾಣುಗಳಿಗೆ ಇದಕ್ಕಿಂತ ಹಬ್ಬ ಬೇಕೆ? ಕಲಸಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬಿರುಬೇಸಿಗೆಯಲ್ಲಿ ಒಂದೇ ಗಂಟೆ. ಹೆಚ್ಚು ಜನರಿಗಾದರೆ ಬೇಳೆ, ಹೋಳುಗಳನ್ನು ಬೇರೆ ಬೇರೆಯಾಗಿ ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಆಗಾಗ ಕಲಸಿ. ಗರ್ಭಿಣಿಯರಿಗೆ, ವಯಸ್ಸಾದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಹಸಿಯದರ ಬದಲು ಸೌತೆಕಾಯಿ ಹುಳಿಯನ್ನೋ ಪಲ್ಯವನ್ನೋ ಮಾಡಿಕೊಟ್ಟರೆ ಕ್ಷೇಮ.

ಕಹಿಯಿದ್ದರೆ ಎಸೆಯಿರಿ

ಹೆಚ್ಚುವ ಮುನ್ನ ತೊಟ್ಟಿನ ಕಡೆಯ ಚೂರನ್ನು ಕತ್ತರಿಸಿ ತೆಗೆದು, ಉಳಿದ ಕಾಯಿಯಿಂದ ಒಂದು ಸಣ್ಣ ಹೋಳು ನಾಲಿಗೆಗೆ ಇಟ್ಟು ನೋಡುವುದು ನಮ್ಮ ಅಜ್ಜಿಯರ ಪದ್ಧತಿ. ಅದನ್ನು ಬಿಡಬೇಡಿ. ಕಹಿ ಬರುವುದು ಕುಕುರ್ಬಿಟಾಸಿನ್ ಎಂಬ ವಸ್ತುವಿನಿಂದ. ತುಂಬ ಕಹಿಯಾದ ಕಾಯಿ ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು. ಕಹಿ ಸೋರೆಕಾಯಿಯ ರಸ ಕುಡಿದು ಪ್ರಾಣ ಕಳೆದುಕೊಂಡವರೂ ನಮ್ಮ ದೇಶದಲ್ಲಿ ಇದ್ದಾರೆ. ಬೇಯಿಸಿದರೂ ಈ ಕಹಿ ಹೋಗದು. ಉಪ್ಪು, ನಿಂಬೆರಸ ಹಾಕಿ ಅದನ್ನು ಮರೆಸಲು ಹೋಗಬೇಡಿ. ಒಂದು ಕಾಯಿಯ ಬೆಲೆ ಆಸ್ಪತ್ರೆಯ ಖರ್ಚಿಗಿಂತ ಹೆಚ್ಚಲ್ಲ.

"ಸೌತೆಕಾಯಿ ತಂಪು, ಮಕ್ಕಳಿಗೆ ಶೀತ ಆಗುತ್ತೆ" ಎಂಬ ಭಯ ಮಾತ್ರ ಬೇಡ. ನೆಗಡಿ ಬರುವುದು ವೈರಸ್ಸಿನಿಂದ, ಸೌತೆಕಾಯಿಯಿಂದಲ್ಲ.

ಮೇಷ್ಟ್ರ ಸುದ್ದಿ ಹೇಳಲು ಮರೆತೆ. ಅಂದು ನಾನು ಹೊಸ ಮಾತ್ರೆ ಬರೆಯಲಿಲ್ಲ. ಹಳೆಯ ಮಾತ್ರೆಯನ್ನೇ ಮುಂದುವರಿಸಿ, ಮನೆಯ ಅಡುಗೆಗೆಲ್ಲ ಉಪ್ಪು ಅಳೆದು ಹಾಕಲು ಹೇಳಿ ಕಳಿಸಿದೆ. ಆರು ವಾರದ ನಂತರ ಬಂದಾಗ ರಕ್ತದೊತ್ತಡ 146/88. ಇನ್ನೂ ಇಳಿಯಬೇಕು, ಆದರೆ ದಾರಿ ಸರಿಯಾಗಿದೆ. ಎಲ್ಲರಿಗೂ ಇಷ್ಟೇ ಇಳಿಯುತ್ತದೆ ಎಂದಲ್ಲ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಇಂದು ಮಧ್ಯಾಹ್ನ ನಿಮ್ಮ ಮನೆಯಲ್ಲಿ ಕೋಸಂಬರಿ ಇದ್ದರೆ, ಉಪ್ಪಿನ ಡಬ್ಬಿಯನ್ನು ಬಡಿಸುವ ಹೊತ್ತಿನವರೆಗೆ ತೆರೆಯಬೇಡಿ.