ಬೋರಿವಲಿಯ ಕಾಡಿನ ಅಗ್ನಿಶಿಖೆ

ಶ್ರಾವಣದ ಮಳೆ ಕೊಂಚ ಬಿಡುವು ಕೊಟ್ಟಾಗ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೊದೆಗಳ ಮೇಲೆ ಬೆಂಕಿಯ ನಾಲಗೆಯನ್ನು ಹೋಲುವ ಹೂವೊಂದು ಕೆಲವು ವಾರಗಳ ಮಟ್ಟಿಗೆ ಕಾಣಿಸಿಕೊಳ್ಳುತ್ತದೆ. ಇದನ್ನು ಸಂಸ್ಕೃತದಲ್ಲಿ ಅಗ್ನಿಶಿಖೆ, ಲಾಂಗಲಿ ಎನ್ನುವರು. ಕನ್ನಡ ನಾಡಿನಲ್ಲಿ ಇದು ಗೌರಿ ಹೂ, ಕರಡಿಕಣ್ಣಿನ ಗೆಡ್ಡೆ, ಮರಾಠಿಯಲ್ಲಿ ಕಳಲಾವಿ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡಿನ ರಾಜ್ಯಪುಷ್ಪವೂ ಇದೇ.

ಹೂವಿಗೆ ಆರು ದಳಗಳು. ಅಂಚು ಅಲೆಯಲೆಯಾಗಿದ್ದು, ಎಲ್ಲವೂ ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ದಿನ ಕಳೆದಂತೆ ಹೂವೆಲ್ಲ ಕೆಂಪಾಗುವುದರಿಂದ ಒಂದೇ ಬಳ್ಳಿಯಲ್ಲಿ ಎರಡು ಜಾತಿಯ ಹೂಗಳಿವೆಯೆಂಬ ಭ್ರಮೆ ಹುಟ್ಟುವುದುಂಟು. ಆದರೆ ಹೂವಿಲ್ಲದ ಕಾಲದಲ್ಲಿ ಗುರುತಿಸುವುದು ಹೇಗೆ? ಅದಕ್ಕೆ ಎಲೆಯನ್ನು ನೋಡಬೇಕು. ಎಲೆಯ ತುದಿಯೇ ನೀಳವಾಗಿ ಬೆಳೆದು, ಸುರುಳಿ ಸುತ್ತಿ, ಪಕ್ಕದ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ. ಕಾಡುಗೆಣಸಿನ ಬಳ್ಳಿಗೆ ಈ ಲಕ್ಷಣವಿಲ್ಲ. ಅದು ಕಾಂಡದಿಂದಲೇ ಆಸರೆಯನ್ನು ಸುತ್ತುತ್ತದೆ.

ದಟ್ಟ ನೆರಳು ಇದಕ್ಕೆ ಒಗ್ಗದು. ಕಾಡಿನ ಅಂಚು, ಕುರುಚಲು, ಬೇಲಿಯ ಮಗ್ಗುಲು, ಒಟ್ಟಿನಲ್ಲಿ ಆಸರೆಯೂ ಬಿಸಿಲೂ ಇರುವ ಜಾಗ ಬೇಕು. ನಗರ ಬೆಳೆಯುವಾಗ ಮೊದಲು ಅಳಿಯುವುದೂ ಇಂಥ ಅಂಚೇ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿ, ನೆಲದಡಿಯ ಗೆಡ್ಡೆ ಮಾತ್ರ ಮುಂದಿನ ಮುಂಗಾರಿಗೆ ಕಾದಿರುತ್ತದೆ.

ಅಪಾಯವಿರುವುದು ಈ ಗೆಡ್ಡೆಯಲ್ಲಿಯೇ. ನೇಗಿಲಿನಂತೆ ಕವಲೊಡೆದಿರುವುದರಿಂದ ಇದಕ್ಕೆ ಲಾಂಗಲಿಯೆಂಬ ಹೆಸರು. ಗೆಣಸೆಂದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರ ವೃತ್ತಾಂತಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಇದರಲ್ಲಿರುವ ಕಾಲ್ಚಿಸಿನ್ ಎಂಬ ವಸ್ತು ಜೀವಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ಬೇಯಿಸಿದರೂ ವಿಷ ಹೋಗದು. ಕೆಲವೇ ಗಂಟೆಗಳಲ್ಲಿ ಗಂಟಲುರಿ, ವಾಂತಿ, ಕಾಲರಾವನ್ನು ನೆನಪಿಸುವ ಭೇದಿ ಆರಂಭವಾಗುತ್ತವೆ. ಬಳಿಕ ಮೂತ್ರಪಿಂಡ, ಅಸ್ಥಿಮಜ್ಜೆಗಳು ಕೆಡಬಹುದು. ಬದುಕುಳಿದವರಲ್ಲಿ ಒಂದೆರಡು ವಾರಗಳ ನಂತರ ತಲೆಗೂದಲು ಉದುರುವುದೂ ಉಂಟು. ಇದೇ ಕಾಲ್ಚಿಸಿನ್ನನ್ನು ಗೌಟ್ ಎಂಬ ಕೀಲುನೋವಿಗೆ ವೈದ್ಯರು ಕೊಡುತ್ತಾರೆ. ಆದರೆ ಆ ಮಾತ್ರೆಯ ಪ್ರಮಾಣ ಅರ್ಧ ಮಿಲಿಗ್ರಾಮಿನಷ್ಟು. ಗೆಡ್ಡೆಯನ್ನು ಅಳೆದು ತಿನ್ನುವುದು ಯಾರಿಂದ ಸಾಧ್ಯ? ಆಯುರ್ವೇದವೂ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು, ಶುದ್ಧಿ ಮಾಡದೆ ಬಳಸಬಾರದೆಂದಿದೆ.

ಮರಾಠಿ ಹೆಸರಿನಲ್ಲೂ ಒಂದು ಎಚ್ಚರಿಕೆಯುಂಟು. ಕಳ ಎಂದರೆ ಹೆರಿಗೆಯ ನೋವು. ಅದನ್ನು ತರಿಸುವುದು ಕಳಲಾವಿ. ಹಿಂದೆ ಹೆರಿಗೆಗೆಂದು ಈ ಗೆಡ್ಡೆಯನ್ನು ಬಳಸುತ್ತಿದ್ದುದರಿಂದ ಬಂದ ಹೆಸರಿದು. ಗರ್ಭಿಣಿಯರ ಮಟ್ಟಿಗೆ ಇಂಥ ನಾಟಿ ಮದ್ದು ಸರ್ವಥಾ ವರ್ಜ್ಯ.

ಗೌರಿಯ ಪೂಜೆಗೆ ಹೂ ಮನೆಗೆ ಬಂದರೆ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು, ಏಕೆಂದರೆ ಗಿಡದ ಎಲ್ಲ ಭಾಗಗಳಲ್ಲೂ ವಿಷವಿದೆ. ಯಾರಾದರೂ ತಿಂದದ್ದು ತಿಳಿದೊಡನೆ, ವಾಂತಿಗಾಗಿ ಕಾಯದೆ, ಉಳಿದ ಗೆಡ್ಡೆ ಅಥವಾ ಬಳ್ಳಿಯ ತುಂಡಿನೊಡನೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ತುಂಡನ್ನು ಕಂಡರೆ ವೈದ್ಯರಿಗೆ ವಿಷ ಯಾವುದೆಂದು ತಿಳಿಯುವುದು ಸುಲಭ.